ಮಾವನವರ ಪಕ್ಕದ ಜಾಗ

ಹೋದ ಮಂಗಳವಾರ ಘಾಟಿಯಲ್ಲಿ ಸುಬ್ರಹ್ಮಣ್ಯಸ್ವಾಮಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ನಮ್ಮೂರಿನ ಹತ್ತಿರ ಸರ್ವೀಸ್ ರಸ್ತೆಯಲ್ಲಿ ಗುಂಡಿ ಮುಚ್ಚುವ ಕೆಲಸ ನಡೆದಿತ್ತು. ಬಿಸಿ ಡಾಂಬರಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ತಲೆನೋವು ಬರುತ್ತಮ್ಮ ಇದಕ್ಕೆ" ಎಂದಳು. ನಾನೂ ಹೂಂ ಎಂದೆ. ನಿಜ ಹೇಳಬೇಕೆಂದರೆ ಆ ವಾಸನೆಗೆ ನನಗೆ ತಲೆ ನೋಯುವುದಿಲ್ಲ, ನಗು ಬರುತ್ತದೆ. ರಸ್ತೆ ಬಂದ ವರ್ಷ ನೆನಪಾಗುತ್ತದೆ. ನಮ್ಮತ್ತೆ ಮುನಿಯಮ್ಮನವರು, ತಾವು ಸತ್ತ ಮೇಲೆ ಎಲ್ಲಿ ಮಲಗುವುದು ಎಂದು ಊಟ ನಿದ್ದೆ ಬಿಟ್ಟು ಚಿಂತೆ ಮಾಡಿದ ವರ್ಷ ಅದು.

ನಮ್ಮೂರು ದೊಡ್ಡಬಳ್ಳಾಪುರಕ್ಕೂ ಘಾಟಿಗೂ ನಡುವೆ, ಬಸ್ಸಿನ ದಾರಿಯಿಂದ ಒಳಗೆ ಇದ್ದ ಊರು. ಮೊದಲೆಲ್ಲ ಬಸ್ಸಿಳಿದು ರಾಗಿ ಹೊಲಗಳ ಬದುವಿನ ಮೇಲೆ ನಡೆದು ಬರಬೇಕಿತ್ತು. ಆಮೇಲೆ ಒಂದೊಂದೇ ಹೊಲ ಸೈಟುಗಳಾದವು, ಗೋಡೌನುಗಳಾದವು. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಈ ಕಡೆಯೇ ಮನೆ ಕಟ್ಟಿಸಿದರು. ಬೆಳಗಾದರೆ ಕಾರು, ಲಾರಿ, ಕಂಪನಿ ಬಸ್ಸು ಒಂದರ ಹಿಂದೊಂದು ನಿಂತು ಹಾರನ್ ಹೊಡೆಯುವುದು ನಮ್ಮ ದೇವರ ಮನೆಗೇ ಕೇಳಿಸುತ್ತಿತ್ತು. ಅರ್ಧಕ್ಕೆ ನಿಂತಿದ್ದ ಅಗಲ ರಸ್ತೆಯನ್ನು ಮುಂದಕ್ಕೆ ಎಳೆಯುತ್ತಾರೆ ಎಂಬ ಮಾತು ಬಹಳ ವರ್ಷದಿಂದ ಇತ್ತು. ಆ ವರ್ಷ ಯುಗಾದಿ ಕಳೆದ ಮೇಲೆ ನಿಜವಾಗಿಯೂ ಜನ ಬಂದರು. ಹಳದಿ ಬಣ್ಣ ಬಳಿದ ಕಲ್ಲುಗಳನ್ನು ಹೊಲಹೊಲಕ್ಕೂ ನೆಟ್ಟುಕೊಂಡು ಹೋದರು. ನಮ್ಮ ಮನೆ ಉಳಿಯಿತು, ಕೊಟ್ಟಿಗೆ ಉಳಿಯಿತು, ಬೋರ್‌ವೆಲ್ಲೂ ಉಳಿಯಿತು. ನಾನು ಒಂದೊಂದಕ್ಕೂ ಒಂದೊಂದು ಸಲ ಸ್ವಾಮಿಗೆ ಕೈಮುಗಿದೆ. ಹೋದದ್ದು ಹುಣಸೆ ಮರದ ಹೊಲದಲ್ಲಿ ಅರ್ಧ.

ಆ ಅರ್ಧದಲ್ಲಿ ನಮ್ಮ ಮಾವನವರಿದ್ದರು.

ನಮ್ಮ ಕಡೆ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲವಿದ್ದವರು ಹೊಲದಲ್ಲೇ ಮಣ್ಣು ಮಾಡುತ್ತಾರೆ. ಮಾವನವರು ತೀರಿಕೊಂಡಾಗ ನಮ್ಮ ಯಜಮಾನರು ಇನ್ನೂ ಎತ್ತಿಕೊಳ್ಳುವ ಕೂಸಂತೆ. ಮಾವನವರಿಗೆ ಒಂದು ಎತ್ತಿತ್ತು, ಬಸವ ಎಂದು ಹೆಸರು. ಅವರು ಹೋದ ತಿಂಗಳಲ್ಲೇ ಅದೂ ಹೋಯಿತು. ಮನೆಮಗನಂತೆ ದುಡಿದ ಎತ್ತು ಎಂದು ಅದನ್ನೂ ಅದೇ ಹೊಲದಲ್ಲಿ ಹೂತರು. ಹುಣಸೆ ಮರದ ಮೂಡಗಡೆ ಒಂದು ದೊಡ್ಡ ಗುಡ್ಡೆ, ಪಡುವಗಡೆ ಒಂದು ಸಣ್ಣ ಗುಡ್ಡೆ. ನಾನು ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಕರೆದುಕೊಂಡು ಹೋಗಿ ತೋರಿಸಿದರು. "ದೊಡ್ಡದು ನಿಮ್ಮ ಮಾವಂದು. ಸಣ್ಣದು ಬಸವಂದು. ಕೈಮುಗಿ." ನಾನು ಮುಗಿದೆ.

ಅತ್ತೆಗೆ ಆ ದೊಡ್ಡ ಗುಡ್ಡೆಯೇ ಗಂಡ. ಮನೆಯಲ್ಲಿ ಏನೇ ಆಗಲಿ, ಹೋಗಿ ಅಲ್ಲಿ ಹೇಳಿ ಬರುವರು. ಹಸು ಕರು ಹಾಕಿದ್ದು, ಮಗನಿಗೆ ಜ್ವರ ಬಂದಿದ್ದು, ನನ್ನ ಮೇಲೆ ಸಿಟ್ಟು ಬಂದಿದ್ದು, ಎಲ್ಲವೂ. ಗುಡ್ಡೆಯ ಪಕ್ಕದಲ್ಲಿ ಒಂದು ಆಳು ಮಲಗುವಷ್ಟು ನೆಲವನ್ನು ಉಳಲು ಬಿಡುತ್ತಿರಲಿಲ್ಲ. "ಅದು ನನ್ನ ಜಾಗ" ಎನ್ನುವರು. ಮಾಲಯ ಅಮಾವಾಸ್ಯೆ ಬಂದರೆ ಹಿಂದಿನ ದಿನ ಹೋಗಿ ಗುಡ್ಡೆಯನ್ನು ಗುಡಿಸಿ, ಕುಂಕುಮ ಹಚ್ಚಿ, ಹೂವಿಟ್ಟು, ತಮ್ಮ ಜಾಗದ ಕಳೆಯನ್ನೂ ಕಿತ್ತು ಬರುವರು. ಅಮಾವಾಸ್ಯೆಯ ದಿನ ಮನೆಯಲ್ಲಿ ಎಡೆ ಇಟ್ಟ ಮೇಲೆ ಸಂಜೆ ಇನ್ನೊಂದು ಎಲೆ ಹೊಲಕ್ಕೂ ಹೋಗುತ್ತಿತ್ತು. ಮುದ್ದೆ, ಕಜ್ಜಾಯ, ವಡೆ, ಮಾವನವರಿಗೆ ಇಷ್ಟವೆಂದು ಮಾಂಸದ ಸಾರು. ನಾನು ಸೋಮವಾರ ಶನಿವಾರ ಒಂದು ಹೊತ್ತು ಇರುವವಳು, ಆದರೂ ಹಿರಿಯರ ಎಡೆಯ ವಿಷಯದಲ್ಲಿ ಕೈ ಹಿಂದೆಗೆದವಳಲ್ಲ.

ಹಳದಿ ಕಲ್ಲು ಹುಣಸೆ ಮರದ ಪಡುವಗಡೆಗೆ ಬಿತ್ತು. ಮರವೂ ದೊಡ್ಡ ಗುಡ್ಡೆಯೂ ರಸ್ತೆಯೊಳಗೆ. ಸಣ್ಣ ಗುಡ್ಡೆ ಸ್ವಲ್ಪದರಲ್ಲಿ ಹೊರಗೆ.

ಅತ್ತೆ ಕಲ್ಲಿನ ಹತ್ತಿರ ಎಷ್ಟೋ ಹೊತ್ತು ನಿಂತಿದ್ದರು. "ಎತ್ತಿಗೆ ಇರೋ ಅದೃಷ್ಟ ಇವರಿಗಿಲ್ಲ ನೋಡೆ ಲಕ್ಷ್ಮಿ" ಎಂದರು. "ಅವನು ಹೊರಗೆ ತಣ್ಣಗೆ ಮಲಗಿದ್ದಾನೆ. ಇವರ ಎದೆ ಮೇಲೆ ಲಾರಿ."

ಆ ಬೇಸಿಗೆಯೆಲ್ಲ ನಮ್ಮ ಮನೆಯಲ್ಲಿ ಅದೇ ಮಾತು. ಪರಿಹಾರದ ವಿಚಾರವನ್ನು ಯಜಮಾನರು ಊರಿನ ಗಂಡಸರ ಜೊತೆ ಓಡಾಡಿ ನೋಡಿಕೊಂಡರು, ಅದರಲ್ಲಿ ನಮಗೆ ಅನ್ಯಾಯವೇನೂ ಆಗಲಿಲ್ಲ. ಆದರೆ ಅತ್ತೆಗೆ ಅದು ಕಿವಿಗೇ ಬೀಳುತ್ತಿರಲಿಲ್ಲ. "ಊರ ಸ್ಮಶಾನ ಇದೆಯಲ್ಲವ್ವ, ಬೇಕಾದ್ರೆ ಅಪ್ಪನ್ನೂ ಅಲ್ಲಿಗೇ ಸಾಗಿಸಿದ್ರಾಯ್ತು" ಎಂದು ಯಜಮಾನರು ಒಂದು ಸಲ ಬಾಯಿಬಿಟ್ಟರು.

"ಅಲ್ಲಿ ಯಾರ್ಯಾರ ಪಕ್ಕದಲ್ಲೋ ಮಲಗು ಅಂತೀಯಾ?" ಎಂದರು ಅತ್ತೆ. "ಆ ಮೂಲೆಮನೆ ಗೌರಮ್ಮ ಅಲ್ಲೇ ಇದ್ದಾಳೆ. ಬದುಕಿದ್ದಾಗ ನೀರಿಗೆ ಜಗಳ ಆಡಿದ್ದು ಸಾಲದಾ? ಅವಳ ಪಕ್ಕ ಹಾಕಿದ್ರೆ ನಾನು ಎದ್ದು ಮನೆಗೆ ಬಂದ್ಬಿಡ್ತೀನಿ, ಹೇಳಿದ್ದೀನಿ."

ಕೆಲಸ ಶುರುವಾದಾಗ ಅತ್ತೆ ಕೊಡೆ ಹಿಡಿದುಕೊಂಡು ಸೀದಾ ಜೆಸಿಬಿ ನಿಂತಿದ್ದಲ್ಲಿಗೆ ಹೋದರು. ನಾನು ಹಿಂದೆ ಓಡಿದೆ. ಅಲ್ಲಿ ತಲೆಗೆ ಹೆಲ್ಮೆಟ್ಟು ಹಾಕಿದ ಒಬ್ಬಳು ಇಂಜಿನಿಯರ್ ಹುಡುಗಿ ಇದ್ದಳು. ಉತ್ತರದ ಜೋಳದ ಸೀಮೆಯ ವಿಜಯಪುರದ ಕಡೆಯವಳು. ಅತ್ತೆ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದಳು, ನಡುವೆ ಫೋನು ಬಂದರೂ ಎತ್ತಲಿಲ್ಲ.

"ಅಜ್ಜಿ, ರೋಡಿನ ನಕ್ಷಾ ನನ್ನ ಕೈಯಾಗಿಲ್ರಿ" ಎಂದಳು. "ಆದ್ರ ಮಾಳ್ಯದ ಅಮಾಸಿ ಹತ್ರ ಬರೂತನಕ ಇಲ್ಲಿ ಮಷೀನ್ ತರೂದಿಲ್ಲ. ಅಷ್ಟರೊಳಗ ಮುತ್ಯಾನ್ನ ಬ್ಯಾರೆ ಕಡೆ ಕರಕೊಂಡು ಹೋಗ್ರಿ."

ಮುತ್ಯಾ ಅಂದರೆ ಅವರ ಕಡೆ ಅಜ್ಜ ಎಂದು ಆಮೇಲೆ ತಿಳಿಯಿತು. ಕರಕೊಂಡು ಹೋಗಿ ಎಂದಳಲ್ಲ, ಕಿತ್ತು ಹಾಕಿ ಎನ್ನಲಿಲ್ಲ. ಆ ಹುಡುಗಿಯ ತಾಯಿತಂದೆಯನ್ನು ಮನಸ್ಸಿನಲ್ಲೇ ಹರಸಿದೆ. ಅವತ್ತಿನಿಂದ ಮಜ್ಜಿಗೆ ಮಾಡಿದ ದಿನ ಅವಳಿಗೊಂದು ಚೊಂಬು ಹೋಗುತ್ತಿತ್ತು.

ಮುಂಗಾರು ಬರುವವರೆಗೆ ಧೂಳು, ಬಂದ ಮೇಲೆ ಕೆಸರು. ತುಳಸಿ ಗಿಡದ ಎಲೆಯನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ ಪೂಜೆ ಮಾಡುತ್ತಿದ್ದೆ. ಹಪ್ಪಳ ಸಂಡಿಗೆಯನ್ನು ಆ ವರ್ಷ ಮಾಳಿಗೆಯ ಮೇಲೆ ಒಣಗಿಸಲಾಗದೆ ದೊಡ್ಡಬಳ್ಳಾಪುರದ ನನ್ನ ತಂಗಿಯ ಮನೆಗೆ ಒಯ್ದೆ. ಅವಳ ಮನೆ ತುಂಬ ಮಗ್ಗದ ಸದ್ದು, ನಮ್ಮನೆ ತುಂಬ ರೋಲರ್ ಸದ್ದು. "ನಮ್ಮಿಬ್ಬರಿಗೂ ಜೋರಾಗಿ ಮಾತಾಡೋದೇ ಬರೆದಿದೆ ಕಣೇ" ಎಂದು ನಕ್ಕೆವು. ಆಷಾಢದಲ್ಲಿ ಕೊಡಲಿಯವರು ಬಂದು ಹುಣಸೆ ಮರವನ್ನಷ್ಟೇ ಉರುಳಿಸಿದರು. ಕಡಿಯುವ ಮುಂಚೆ ಅರಿಶಿನ ಕುಂಕುಮ ಇಟ್ಟು, ಇಷ್ಟು ವರ್ಷ ನಮ್ಮ ಸಾರಿಗೆ ಹುಳಿ ಕೊಟ್ಟೆಯಲ್ಲ ತಾಯಿ ಎಂದು ಸುತ್ತಿ ಬಂದೆ. ಮರ ಹೋದ ಮೇಲೆ ಎರಡು ಗುಡ್ಡೆಗಳೂ ಬರೀ ಬಯಲಿನಲ್ಲಿ ಕಾಣಿಸತೊಡಗಿದವು.

ಅತ್ತೆಯ ಊಟ ಕಡಿಮೆಯಾಗುತ್ತಾ ಬಂತು. ತಟ್ಟೆಯಲ್ಲಿ ಮುದ್ದೆ ಮುರಿದು ಸುಮ್ಮನೆ ಕೂರುವರು. ಘಾಟಿಗೆ ಹೋದಾಗ ನಾನು ಸ್ವಾಮಿಯ ಮುಂದೆ ನಿಂತು ರಸ್ತೆ ನಿಲ್ಲಿಸು ಎಂದು ಕೇಳಲಿಲ್ಲ. ಆಸ್ಪತ್ರೆಗೆ ಹೋಗುವವರಿಗೂ, ಕೆಲಸ ಮುಗಿಸಿ ಮಕ್ಕಳ ಮುಖ ನೋಡಲು ಬರುವವರಿಗೂ ಅದೇ ರಸ್ತೆ ತಾನೇ. ನಮ್ಮತ್ತೆಗೆ ಒಂದು ಜಾಗ ತೋರಿಸಪ್ಪ, ಅಷ್ಟು ಸಾಕು ಎಂದೆ.

ಕೊನೆಗೆ ತೀರ್ಮಾನವಾಯಿತು. ಹಳದಿ ಕಲ್ಲಿನ ಆಚೆಗೆ ನಮಗೆ ಉಳಿದ ಹೊಲದ ಮೂಲೆಯಲ್ಲಿ ಹೊಸ ಗುಂಡಿ ತೋಡಿ, ಮಾವನವರ ಮೂಳೆ ಮಣ್ಣು ಅಲ್ಲಿಗೆ ತರುವುದು. ಊರಿನ ಹಿರಿಯರು, ಮೊದಲು ಮಣ್ಣು ಕೊಟ್ಟ ಕೈಯೇ ಈಗ ತೆಗೆಯಬೇಕು ಎಂದರು. ಆ ಕೈಗಳಲ್ಲಿ ಉಳಿದಿದ್ದದ್ದು ಒಂದೇ, ಮಾವನವರ ತಮ್ಮ ಪಿಳ್ಳಪ್ಪನವರದು. ನನಗೆ ಚಿಕ್ಕಮಾವ. ಅಣ್ಣ ತೀರಿಕೊಂಡ ಮಾರನೇ ವರ್ಷವೇ ಮದುವೆಯಾಗಿ, ಹೊಸಕೋಟೆ ತಾಲೂಕಿನ ಅನುಗೊಂಡನಹಳ್ಳಿ ಹತ್ತಿರ ಹೆಂಡತಿಯ ಊರಿಗೆ ಹೋಗಿ ನೆಲೆಸಿದವರು. ವರ್ಷಕ್ಕೊಮ್ಮೆ ಮಾಲಯಕ್ಕೆ ಬೆಳಿಗ್ಗೆ ಬರುವರು. ನೇರವಾಗಿ ಹೊಲಕ್ಕೆ ಹೋಗಿ ಆಮೇಲೆ ಮನೆಗೆ ಬಂದು, ಉಂಡು, ಸಂಜೆಯೊಳಗೆ ಬಸ್ಸು ಹತ್ತುವರು. ಯಜಮಾನರು ಫೋನು ಮಾಡಿ, "ಅಪ್ಪನ ಮಣ್ಣು ತೆಗೀಬೇಕು, ನೀವೇ ಬರಬೇಕು ಚಿಕ್ಕಪ್ಪ" ಎಂದರು. ಮಾರನೇ ದಿನ ಬೆಳಿಗ್ಗೆಯೇ ಬಂದರು.

"ಏನತ್ಗೆಮ್ಮ, ಅರ್ಧ ಆಗ್ಬಿಟ್ಟಿದ್ದೀಯ?" ಎಂದರು ಅತ್ತೆಯನ್ನು ನೋಡಿ.

"ಇನ್ನರ್ಧ ರೋಡಿಗೆ ಹೋಯ್ತು ಕಣಪ್ಪ" ಎಂದರು ಅತ್ತೆ.

ಎಲ್ಲರೂ ಹೊಲಕ್ಕೆ ಹೋದೆವು. ಹೆಣ್ಣುಮಕ್ಕಳು ಇಂಥದ್ದಕ್ಕೆ ಬರಬಾರದು ಎಂದು ಯಾರೋ ಅಂದದ್ದಕ್ಕೆ ಅತ್ತೆ ತಿರುಗಿಯೂ ನೋಡಲಿಲ್ಲ. ಇಂಜಿನಿಯರ್ ಹುಡುಗಿ ಗುದ್ದಲಿ ಹಿಡಿದ ಇಬ್ಬರು ಆಳುಗಳನ್ನು ಕಳಿಸಿ, ತಾನೂ ಬಂದು ಪಕ್ಕದಲ್ಲಿ ನಿಂತಿದ್ದಳು. ನಾನು ದೊಡ್ಡ ಗುಡ್ಡೆಯ ಮುಂದೆ ಊದುಬತ್ತಿ ಹಚ್ಚಿದೆ. ಯಜಮಾನರು ಕಾಯಿ ಒಡೆಯಲು ಕೈಯೆತ್ತಿ, ಚಿಕ್ಕಪ್ಪ ಎಲ್ಲಿ ಎಂದು ಸುತ್ತ ನೋಡಿದರು.

ಚಿಕ್ಕಮಾವ ಸಣ್ಣ ಗುಡ್ಡೆಯ ಹತ್ತಿರ ಚಪ್ಪಲಿ ಬಿಟ್ಟು, ಟವೆಲು ಸೊಂಟಕ್ಕೆ ಕಟ್ಟಿಕೊಂಡು, ಕೈಮುಗಿದು ಕೂತಿದ್ದರು.

"ಚಿಕ್ಕಪ್ಪ, ಈ ಕಡೆ ಬನ್ನಿ" ಎಂದು ಯಜಮಾನರು ಕರೆದರು.

"ಯಾಕೋ ಕೃಷ್ಣ?"

"ಅಪ್ಪ ಇಲ್ಲಲ್ವಾ?"

"ಅಪ್ಪ ಇಲ್ಲಿ ಕಣೋ. ಅದು ಬಸವಂದು." ಅವರು ಎದ್ದು ಹಳದಿ ಕಲ್ಲನ್ನು ನೋಡಿದರು, ಗುಡ್ಡೆಯನ್ನು ನೋಡಿದರು. "ಅಲ್ಲ, ಅಣ್ಣ ಕಲ್ಲಿಂದ ಈಚೆಗೇ ಇದ್ದಾನಲ್ಲ. ಮತ್ಯಾಕೆ ನನ್ನ ಕರೆಸಿದ್ದು?"

ಅತ್ತೆಯೇ ಮೊದಲು ಬಾಯಿಬಿಟ್ಟರು. "ನಿಂಗೆ ವಯಸ್ಸಾಯ್ತು ಪಿಳ್ಳಪ್ಪ. ದೊಡ್ಡದು ನಿಮ್ಮಣ್ಣಂದು."

"ಮಣ್ಣು ಮಾಡ್ದೋನು ನಾನಾ ನೀನಾ ಅತ್ಗೆಮ್ಮ? ಎತ್ತಿಗೆ ದೊಡ್ಡ ಗುಂಡಿ ಬೇಕಾ, ಮನುಷ್ಯಂಗೆ ದೊಡ್ಡ ಗುಂಡಿ ಬೇಕಾ? ನೀನೇ ಹೇಳು."

ಅತ್ತೆ ಹೇಗೆ ಹೇಳಿಯಾರು? ಮಣ್ಣು ಮಾಡುವಲ್ಲಿಗೆ ಹೆಂಗಸರು ಹೋಗುವುದಿಲ್ಲ. ಗಂಡ ಹೋದ ಮೇಲೆ ಅವರನ್ನು ಎಷ್ಟೋ ದಿನ ಮನೆಯಿಂದ ಹೊರಗೆ ಬಿಟ್ಟಿರಲಿಲ್ಲ. ಹೊರಗೆ ಬಂದು ಹೊಲಕ್ಕೆ ಹೋಗುವ ಹೊತ್ತಿಗೆ ಅಲ್ಲಿ ಒಂದಲ್ಲ, ಎರಡು ಗುಡ್ಡೆ. ಯಜಮಾನ ಎಂದ ಮೇಲೆ ದೊಡ್ಡದೇ ಇರಬೇಕು ಎಂದುಕೊಂಡರು. ಯಾರನ್ನೂ ಕೇಳಲಿಲ್ಲ, ಗಂಡನ ಸಮಾಧಿ ಯಾವುದು ಎಂದು ಕೇಳುವ ಹೆಂಗಸು ಎಲ್ಲಿದ್ದಾಳೆ. ಯಾರೂ ಹೇಳಲಿಲ್ಲ, ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದುಕೊಂಡರು.

"ಮತ್ತೆ ನೀನು ವರ್ಷ ವರ್ಷ ಆ ಸಣ್ಣದಕ್ಕೆ ಹೂವು ಹಾಕ್ತಿದ್ಯಲ್ಲ?" ಎಂದರು ಅತ್ತೆ, ದನಿ ಸಣ್ಣಗಾಗಿತ್ತು. "ಬೀಡಿ ತುಂಡು ಬಿದ್ದಿರೋದು. ಎತ್ತಿನ ಮೇಲೆ ಪ್ರೀತಿ, ಕೂತು ಸೇದಿ ಹೋಗ್ತಾನೆ ಅನ್ಕೊಂಡಿದ್ದೆ."

"ಅಣ್ಣಂಗೆ ಹಚ್ಚಿಡ್ತಿದ್ದೆ ಕಣಮ್ಮ. ನೀನು ಆ ದೊಡ್ಡದಕ್ಕೆ ಕುಂಕುಮ ಇಟ್ಟಿದ್ದು ನೋಡಿ, ನಮ್ಮತ್ಗೆ ಬಸವಂಗೂ ಪೂಜೆ ಮಾಡ್ತಾಳೆ, ಎಂಥಾ ದೊಡ್ಡ ಮನಸ್ಸು ಅಂತ ನಮ್ಮೂರಲ್ಲೆಲ್ಲ ಹೇಳ್ಕೊಂಡು ತಿರುಗಿದ್ದೀನಿ."

ಅತ್ತೆ ನಂಬಲಿಲ್ಲ. ನಂಬಲು ಅವರಿಗೆ ಹೆದರಿಕೆಯಾಯಿತು ಎಂದು ನನಗನ್ನಿಸುತ್ತದೆ. "ಅಗೀರಿ" ಎಂದರು. ಆಳುಗಳು ದೊಡ್ಡ ಗುಡ್ಡೆಯನ್ನು ಮೆಲ್ಲಗೆ ಕೆದಕುತ್ತಾ ಹೋದರು. ನಾನು ಸ್ವಾಮಿಯ ಹೆಸರು ಹೇಳಿಕೊಳ್ಳುತ್ತಾ ನಿಂತೆ. ಮೊದಲು ಸಿಕ್ಕಿದ್ದು ತುಕ್ಕು ಹಿಡಿದ ಲಾಳ. ಆಮೇಲೆ ಒಂದು ಕೊಂಬು.

ಅತ್ತೆ ಗುಂಡಿಯ ಅಂಚಿನಲ್ಲಿ ಕೂತು ಕೊಂಬನ್ನು ಮಡಿಲಿಗೆ ತೆಗೆದುಕೊಂಡರು. ಮಣ್ಣು ಒರೆಸಿದರು. "ಬಸವನೇ" ಎಂದರು. ಆಮೇಲೆ ಮುಖವೆತ್ತಿ ನನ್ನನ್ನು ನೋಡಿದರು. "ಲಕ್ಷ್ಮಿ, ಇವನಿಗೆ ನಾವು ಮಾಂಸದ ಎಡೆ ಇಟ್ವಲ್ಲೇ."

ಹುಲ್ಲು ತಿಂದು ಬದುಕಿದ ಶಿವನ ವಾಹನಕ್ಕೆ ವರ್ಷ ವರ್ಷ ಮಾಂಸದ ಸಾರು ಬಡಿಸಿದ ಕೈ ಇದು. ಸಾರು ಕುದಿಸಿದ್ದೂ ಇದೇ ಕೈ. ನಾನು ಕೆನ್ನೆ ಕೆನ್ನೆ ಬಡಿದುಕೊಂಡೆ.

"ಬಿಡ್ರಿ ಅಜ್ಜಿ" ಎಂದಳು ಇಂಜಿನಿಯರ್ ಹುಡುಗಿ. "ಬಸವಣ್ಣ ಏನ್ ತಿಂದಾನ? ಕಾಗಿ ತಿಂದಾವ, ನಾಯಿ ತಿಂದಾವ."

"ಅಣ್ಣನೇನು ಸುಮ್ನಿರ್ತಿದ್ನಾ?" ಎಂದರು ಚಿಕ್ಕಮಾವ. "ಸಾರಿನ ವಾಸನೆ ಬಂದ್ರೆ ಪಕ್ಕದೂರಿಂದ ಬರ್ತಿದ್ದೋನು. ಇಲ್ಲಿದ್ದ ಮರ ದಾಟಿ ಬಂದು ಉಣ್ಣೋಕ್ಕಾಗಲ್ವಾ ಅವನಿಗೆ? ಬಸವಂಗೆ ಕಜ್ಜಾಯ ಬಿಟ್ಟು ಸಾರೆಲ್ಲ ಹೊಡೆದಿರ್ತಾನೆ."

ಅತ್ತೆಯ ಹೊಟ್ಟೆ ಕುಲುಕಿದ್ದು ಮೊದಲು ಕಾಣಿಸಿತು. ಅಳುತ್ತಿದ್ದಾರೆ ಎಂದುಕೊಂಡು ನಾನು ಹತ್ತಿರ ಹೋದರೆ, ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರು ನಕ್ಕ ಮೇಲೆ ನಾವೂ ನಕ್ಕೆವು, ಗುದ್ದಲಿ ಹಿಡಿದವರೂ ನಕ್ಕರು. ನಗು ನಿಂತ ಮೇಲೆ ಅತ್ತೆ ಸಣ್ಣ ಗುಡ್ಡೆಯ ಕಡೆ ನೋಡಿ ಕೇಳಿದರು: "ಹಂಗಾದ್ರೆ ಅವರು ರೋಡಿಗೆ ಹೋಗಲ್ವಾ?"

"ಇಲ್ರಿ ಅಜ್ಜಿ. ಮುತ್ಯಾ ಇದ್ದಲ್ಲೇ ಇರ್ತಾರ."

ಅದಕ್ಕೆ ಅತ್ತೆ ಹೇಳಿದ್ದನ್ನು ನಾನು ಮರೆಯುವುದಿಲ್ಲ. "ಸರಿ. ಬಸವನ್ನ ಅವರ ಹತ್ರ ತನ್ನಿ. ಇಬ್ಬರ ಮಧ್ಯೆ ನನ್ನ ಜಾಗ ಬಿಟ್ಟು ಗುಂಡಿ ತೋಡಿ."

ಚಿಕ್ಕಮಾವನಿಗೆ ಅದು ಸರಿಬೀಳಲಿಲ್ಲ. "ಮನುಷ್ಯರ ಸಾಲಲ್ಲಿ ಎತ್ತನ್ನ ಮಲಗಿಸ್ತಾರಾ ಅತ್ಗೆಮ್ಮ? ನೋಡಿದೋರು ಏನಂತಾರೆ?"

"ಅವರೇನಾದ್ರೂ ಅನ್ಲಿ. ಇಷ್ಟು ವರ್ಷ ನನ್ನ ಕಷ್ಟ ಸುಖ ಎಲ್ಲ ಕೂತು ಕೇಳ್ದೋನು ಇವನು. ನಿಮ್ಮಣ್ಣಂಗೆ ನನ್ನ ಒಂದು ಮಾತೂ ಗೊತ್ತಿಲ್ಲ. ಇವನನ್ನ ಡಾಂಬರು ಕೆಳಗೆ ಬಿಟ್ಟು ನಾನು ಹೋಗಿ ಅಲ್ಲಿ ಮಲಗ್ಲಾ?"

ಚಿಕ್ಕಮಾವ ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು. ಆಮೇಲೆ ತಾವೇ ಗುದ್ದಲಿ ಇಸಿದುಕೊಂಡರು. ಮಧ್ಯಾಹ್ನದೊಳಗೆ ಬಸವನ ಮೂಳೆಗಳೆಲ್ಲ ಹೊಸ ಗುಂಡಿಗೆ ಬಂದವು. ಅತ್ತೆ ನಡುವಿನ ಜಾಗದ ಮೇಲೆ ಕೈಚಾಚಿ, "ಇನ್ನೂ ಸ್ವಲ್ಪ ಆಚೆಗೆ ತೋಡ್ರಪ್ಪ, ಮಗ್ಗುಲಾಗೋಕೆ ಜಾಗ ಬೇಡ್ವಾ" ಎಂದು ಅಗಲ ಮಾಡಿಸಿಕೊಂಡರು. ಅವತ್ತು ರಾತ್ರಿ ಎರಡು ಮುದ್ದೆ ಉಂಡರು. ನಾನು ದೇವರ ಮನೆಯಲ್ಲಿ ತುಪ್ಪದ ದೀಪ ಹಚ್ಚಿದೆ.

ಆ ವಾರವೇ ಮಾಲಯ ಅಮಾವಾಸ್ಯೆ. ಬಸವನಿಗೆ ಹಸಿ ಹುಲ್ಲು, ಬೆಲ್ಲ, ನೆನೆಸಿದ ಹುರುಳಿ. ಮಾವನವರಿಗೆ ಅವರ ಎಲೆ. ಎಡೆ ಇಟ್ಟು ನಾನು ಎದ್ದು ಹೊರಟರೆ ಅತ್ತೆ ಸೆರಗು ಹಿಡಿದು ಕೂರಿಸಿದರು. ಸಣ್ಣ ಗುಡ್ಡೆಯ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು.

"ಇವಳು ಲಕ್ಷ್ಮಿ. ನಿಮ್ಮ ಸೊಸೆ. ಕೃಷ್ಣಂಗೆ ಮದುವೆ ಮಾಡಿದ್ವಿ, ನಿಮಗೆ ಗೊತ್ತಿಲ್ಲ. ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ ಹಾಕ್ತಾಳೆ. ಮಿಕ್ಕಿದ್ದಕ್ಕೆಲ್ಲ ನಂದೇನೂ ದೂರಿಲ್ಲ."

ನಾನು ಸೆರಗು ಹೊದ್ದು ಮಾವನವರಿಗೆ ನಮಸ್ಕಾರ ಮಾಡಿದೆ. ಮದುವೆಯಾಗಿ ಬಂದ ಸೊಸೆ ಮೊದಲ ಸಲ ಮಾಡುವ ಹಾಗೆ ಮಾಡಿದೆ.

ಸಂಕ್ರಾಂತಿ ಕಳೆದ ಮೇಲೆ ಡಾಂಬರು ಬಿತ್ತು. ಇಂಜಿನಿಯರ್ ಹುಡುಗಿ ಮುಂದಿನ ಕೆಲಸಕ್ಕೆ ಹೋಗುವ ಮುನ್ನ ಮನೆಗೆ ಬಂದು ಊಟ ಮಾಡಿ, ಅರಿಶಿನ ಕುಂಕುಮ ತೆಗೆದುಕೊಂಡು ಹೋದಳು. ರಸ್ತೆಯಿಂದ ನಮಗೆ ಒಳ್ಳೆಯದೇ ಆಗಿದೆ. ದೊಡ್ಡಬಳ್ಳಾಪುರ, ಒಲೆ ಮೇಲೆ ಬೇಳೆ ಇಟ್ಟು ಅದು ಬೇಯುವಷ್ಟರಲ್ಲಿ ಹೋಗಿ ಬರುವಷ್ಟು ಹತ್ತಿರವಾಗಿದೆ. ಮನೆಮುಂದೆ ಬಸ್ಸು ನಿಲ್ಲುತ್ತದೆ. ಸದ್ದಿದೆ, ಇಲ್ಲವೆನ್ನುವುದಿಲ್ಲ. ನಡೆದುಕೊಂಡು ದಾಟಲು ಸುತ್ತಿ ಬರಬೇಕು. ಅದನ್ನೂ ಇದನ್ನೂ ಕೂಡಿಸಿ ಕಳೆದರೆ ದೂರಲು ಬಾಯಿ ಬರುವುದಿಲ್ಲ.

ಅತ್ತೆ ಗಟ್ಟಿಯಾಗಿದ್ದಾರೆ. ಸಂಜೆಯಾದರೆ ಕೋಲೂರಿಕೊಂಡು ಹೊಲಕ್ಕೆ ಹೋಗಿ ತಮ್ಮ ಜಾಗದಲ್ಲಿ ಕೂರುತ್ತಾರೆ. ಮಾವನವರು ಇಷ್ಟು ವರ್ಷ ಕೇಳದೆ ಉಳಿದದ್ದನ್ನೆಲ್ಲ ಮೊದಲಿನಿಂದ ಹೇಳುತ್ತಿದ್ದಾರೆ. ಒಂದನ್ನೂ ಬಿಡುವುದಿಲ್ಲ. ಮಗ ಅಂಬೆಗಾಲಿಟ್ಟದ್ದು, ಮನೆಗೆ ಹೆಂಚು ಹಾಕಿಸಿದ್ದು, ಯಾವ ಹಸು ಎಷ್ಟು ಹಾಲು ಕೊಟ್ಟಿತ್ತು ಎನ್ನುವುದು. ಲಾರಿ ಬಂದರೆ ಅದು ಹೋಗುವವರೆಗೆ ನಿಲ್ಲಿಸಿ ಮತ್ತೆ ಶುರುಮಾಡುತ್ತಾರೆ. ಮೊನ್ನೆ ಕತ್ತಲಾಗುತ್ತಿದೆ ಎಂದು ಕರೆಯಲು ಹೋದೆ.

"ಎಲ್ಲೀವರೆಗೆ ಬಂತು ಅತ್ತೆ?"

"ಇನ್ನೂ ನಿನ್ನ ಮದುವೆ ಊಟವೇ ಮುಗಿದಿಲ್ಲ ಕಣೆ" ಎಂದರು. "ಈ ರೋಡಿನ ಸುದ್ದಿಗೆ ಬರೋ ಹೊತ್ತಿಗೆ ಇನ್ನೆಷ್ಟು ವರ್ಷ ಆಗುತ್ತೋ. ಅದನ್ನ ಹೇಳದೆ ನಾನು ಹೋಗೋ ಹಂಗಿಲ್ಲ."

"ನಿಧಾನವಾಗಿ ಹೇಳಿ ಅತ್ತೆ" ಎಂದು, ಮುದ್ದೆಗೆ ಎಸರಿಡಲು ಮನೆಗೆ ಬಂದೆ.